ಒಣ ಹುಲ್ಲುಗಾವಲಿನ ಇಂಗಾಲ ಮಣ್ಣಿನ ಕೆಳಗಿದೆ

ಬೋಳಾದ ಹುಲ್ಲುಗಾವಲು ಕಂಡರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಮರ ನೆಡುವ ಯೋಚನೆ. ಮರ ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ನೆಟ್ಟರೆ ಮುಗೀತು, ಅಲ್ವಾ? ಮಳೆ ಕಡಿಮೆ ಇರುವ ಕಡೆ ಈ ಲೆಕ್ಕ ಅಷ್ಟು ಸಲೀಸಲ್ಲ.

ಭೂಮಿಯ ನೆಲದಲ್ಲಿ ಸುಮಾರು ಶೇ. 40ರಷ್ಟು ಒಣಪ್ರದೇಶ. ಅದರಲ್ಲಿ ಬಹಳಷ್ಟು ದನ, ಕುರಿ ಮೇಯುವ ಜಾಗ. ಇಲ್ಲಿನ ಇಂಗಾಲದಲ್ಲಿ ಹೆಚ್ಚಿನದು ಮಣ್ಣೊಳಗಿದೆ. ಹುಲ್ಲಿನ ಬೇರು ಸತ್ತಾಗ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಒಂದು ಪಾಲು ಗಾಳಿಗೆ ಮರಳುತ್ತದೆ. ಇನ್ನೊಂದು ಪಾಲು ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡು ದಶಕಗಟ್ಟಲೆ ಉಳಿಯಬಹುದು. ಹೀಗೆ ಮಣ್ಣಲ್ಲಿ 1 ಟನ್ ಇಂಗಾಲ ಉಳಿದರೆ ಗಾಳಿಯಿಂದ ಸುಮಾರು 3.67 ಟನ್ ಇಂಗಾಲದ ಡೈಆಕ್ಸೈಡ್ ಕಮ್ಮಿಯಾದ ಹಾಗೆ.

ಚಿಗುರಿದ್ದನ್ನೆಲ್ಲ ದನಗಳು ಕೂಡಲೇ ಮೇಯ್ದರೆ ಹುಲ್ಲಿಗೆ ಬೇರು ಬೆಳೆಸುವ ಶಕ್ತಿ ಉಳಿಯುವುದಿಲ್ಲ. ನೆಲ ಬರಿದಾಗುತ್ತದೆ. ಮಳೆಹನಿ ಬಡಿದು ಮೇಲ್ಮಣ್ಣು ಗಟ್ಟಿ ಹೆಪ್ಪಾಗುತ್ತದೆ, ನೀರು ಇಂಗದೆ ಮಣ್ಣನ್ನೂ ಎಳೆದುಕೊಂಡು ಹರಿದು ಹೋಗುತ್ತದೆ. ಇಂಗಾಲ ಜಾಸ್ತಿ ಇರುವುದು ಆ ಪದರದಲ್ಲೇ! ಹಾಗಾಗಿ ಕೆಲಸ ಶುರುವಾಗಬೇಕಾದದ್ದು ನೀರಿನಿಂದ: ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಬದು, ಅರ್ಧಚಂದ್ರದ ಗುಂಡಿ, ಜೊತೆಗೆ ಮೇಯಿಸುವುದಕ್ಕೆ ಬಿಡುವು. ಬೇರು ಬದುಕಿದ್ದರೆ ಎಷ್ಟೋ ಕಡೆ ಹುಲ್ಲು, ಪೊದೆ ತಾವಾಗಿಯೇ ಬರುತ್ತವೆ.

ಮರವೇ ಬೇಡ ಅಂತಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯ ಅಂಚಿನಲ್ಲಿ 1960ರ ದಶಕದಲ್ಲಿ ಪೈನ್ ನೆಟ್ಟು ಯಾತಿರ್ ಕಾಡು ಬೆಳೆಸಿದರು. ವರ್ಷಕ್ಕೆ 300 ಮಿ.ಮೀ. ಕೂಡ ಮುಟ್ಟದ ಮಳೆಯಲ್ಲೂ ಅದು ಚೆನ್ನಾಗಿಯೇ ಇಂಗಾಲ ಹೀರುತ್ತಿದೆ. ಆದರೆ ಮೊದಲಿದ್ದ ಬಿಳಿಚು ನೆಲ ಬಿಸಿಲನ್ನು ಹಿಂದಕ್ಕೆ ಕಳಿಸುತ್ತಿತ್ತು, ಕಡುಹಸಿರು ಮರಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಈ ಹೆಚ್ಚುವರಿ ಕಾವನ್ನು ಇಂಗಾಲದ ಲಾಭ ಸರಿದೂಗಿಸಲು ದಶಕಗಳೇ ಬೇಕು ಎಂದು ಅಲ್ಲಿ ಅಳೆದು ನೋಡಿದವರು 2010ರಲ್ಲಿ ತೋರಿಸಿದರು. ಬೆಳಕಿನ ಈ ಲೆಕ್ಕ ಗಿಡ ನೆಡುವ ಉತ್ಸಾಹದಲ್ಲಿ ಸುಮ್ನೆ ಮರೆತುಹೋಗುತ್ತದೆ.

ಇನ್ನು ಮಳೆಯ ಆಟ. 2011ರಲ್ಲಿ ಜಗತ್ತಿನ ಸಸ್ಯಗಳು ಎಂದಿಗಿಂತ ತುಂಬಾ ಜಾಸ್ತಿ ಇಂಗಾಲ ಹೀರಿದವು. ಆ ಹೆಚ್ಚಳದ ದೊಡ್ಡ ಪಾಲು ಲಾ ನೀನಾ (ಪೆಸಿಫಿಕ್ ಸಾಗರದ ಮೇಲ್ನೀರು ತಣ್ಣಗಾಗಿ ಆಸ್ಟ್ರೇಲಿಯಾದ ಕಡೆ ಮಳೆ ಹೆಚ್ಚುವ ಸ್ಥಿತಿ) ತಂದ ಮಳೆಯಿಂದ ಹಸಿರಾದ ಆಸ್ಟ್ರೇಲಿಯಾದ ಒಣಭೂಮಿಯದು. ಮಳೆ ಹಿಂದೆ ಸರಿದ ಮೇಲೆ ಅದರಲ್ಲಿ ಬಹಳಷ್ಟು ಮತ್ತೆ ಗಾಳಿ ಸೇರಿತು.

ಹೀಗಿರುವಾಗ ಒಂದು ಒಳ್ಳೆ ಮಳೆಗಾಲ ಮುಗಿದ ಕೂಡಲೇ ಅಳೆದು ಇಂಗಾಲದ ಕ್ರೆಡಿಟ್ (ಇಷ್ಟು ಇಂಗಾಲ ಹಿಡಿದಿಟ್ಟೆವು ಎಂಬ ಲೆಕ್ಕದ ಪತ್ರ) ಮಾರುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪೊದೆಯ ಬುಡದ ಮಣ್ಣಿಗೂ ನಾಲ್ಕು ಹೆಜ್ಜೆ ಆಚೆಯ ಬರಿ ನೆಲಕ್ಕೂ ಅಜಗಜಾಂತರ ಇರಬಹುದು. ಎಲ್ಲಿ ಅಗೆದರು, ಎಷ್ಟು ಆಳಕ್ಕೆ, ಬರದ ವರ್ಷದಲ್ಲೂ ಅಳೆದರಾ ಎಂದು ಕೇಳಿಯೇ ದುಡ್ಡು ಕೊಡಬೇಕು.