ಗೋಡೆಯೊಳಗಿನ ನೀರು, ಬೋರ್ಡಿನೊಳಗಿನ ಬೆಂಕಿ

ತಾರಸಿ ಸೋರುವ ಮನೆಗಳಲ್ಲಿ ಮೊದಲು ಒದ್ದೆಯಾಗುವುದು ಬಹಳ ಸಲ ಫ್ಯಾನಿನ ಕೊಕ್ಕೆಯ ಸುತ್ತಲಿನ ಜಾಗ. ಆರ್‌ಸಿಸಿ ಹಾಕುವಾಗ ವೈರು ಎಳೆಯಲೆಂದು ಕಾಂಕ್ರೀಟಿನೊಳಗೆ ಹುದುಗಿಸಿದ ಪಿವಿಸಿ ಪೈಪು, ಬಿರುಕಿನಲ್ಲಿ ಇಳಿದ ಮಳೆನೀರಿಗೆ ಸಿದ್ಧ ಕಾಲುವೆಯಾಗುತ್ತದೆ. ಪೈಪಿನ ಜೋಡಣೆಗಳಲ್ಲಿ ಒಳಸೇರಿದ ನೀರು ಒಂದು ಕವಲಿನಲ್ಲಿ ಫ್ಯಾನಿನ ಬಳಿಗೂ ಇನ್ನೊಂದು ಕವಲಿನಲ್ಲಿ ಗೋಡೆಯ ಸ್ವಿಚ್‌ಬೋರ್ಡಿಗೂ ಇಳಿಯುತ್ತದೆ. ಆ ಕಲೆಯ ಮೇಲೆ ಬಣ್ಣ ಬಳಿದು ಸುಮ್ಮನಾಗುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ನೀರಿನ ಕಲೆಯಷ್ಟೇ ಅಲ್ಲ, ಬೆಂಕಿಯ ಮುನ್ಸೂಚನೆಯೂ ಹೌದು.

ಶುದ್ಧ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಆದರೆ ಸಿಮೆಂಟು, ಗಾರೆಗಳ ಮೂಲಕ ಜಿನುಗಿ ಬಂದ ನೀರಿನಲ್ಲಿ ಕ್ಷಾರವೂ ಲವಣಗಳೂ ಕರಗಿರುತ್ತವೆ. ಬೋರ್ಡಿನೊಳಗೆ ವಿದ್ಯುತ್ ಬರುವ ಫೇಸ್ ಮತ್ತು ಅದು ಮರಳುವ ನ್ಯೂಟ್ರಲ್ ತುದಿಗಳ ನಡುವಿನ ಪ್ಲಾಸ್ಟಿಕ್ಕಿನ ಮೇಲೆ ಇಂಥ ನೀರಿನ ತೆಳುವಾದ ಪದರ ಕುಳಿತರೆ ಅದರಲ್ಲಿ ಅಲ್ಪ ವಿದ್ಯುತ್ ಹರಿಯುತ್ತದೆ, ಆ ಬಿಸಿಗೆ ಪದರ ಅಲ್ಲಲ್ಲಿ ಒಣಗುತ್ತದೆ, ಒಣಗಿದ ಸಂದುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಗಳು ಹಾರುತ್ತವೆ. ಪ್ರತಿಯೊಂದು ಕಿಡಿಯೂ ಪ್ಲಾಸ್ಟಿಕ್ಕನ್ನು ಒಂದಿಷ್ಟು ಸುಟ್ಟು ಇಂಗಾಲದ ಕಪ್ಪು ಗೆರೆಯನ್ನು ಉಳಿಸುತ್ತದೆ. ಇಂಗಾಲವು ವಿದ್ಯುತ್ತನ್ನು ಹರಿಯಬಿಡುವ ವಸ್ತು; ನೀರು ಆರಿಹೋದರೂ ಗೆರೆ ಆರುವುದಿಲ್ಲ. ಹೀಗಾಗಿ ಜುಲೈನಲ್ಲಿ ನೆನೆದ ಬೋರ್ಡು ಫೆಬ್ರವರಿಯ ಬಿಸಿಲಿನಲ್ಲಿ ಹೊತ್ತಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ.

ತೇವದ ಇನ್ನೊಂದು ಕೆಲಸ ಇನ್ನೂ ನಿಧಾನವಾದದ್ದು. ಬಚ್ಚಲುಮನೆಯ ಹಬೆಗೆ ಪ್ಲಗ್ಗಿನ ಲೋಹದ ತುದಿಗಳು ಕಿಲುಬು ಹಿಡಿದಾಗ ಅಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. 3000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಕಿಲುಬಿನ ತಡೆ ಕೇವಲ 0.2 ಓಮ್ ಇದ್ದರೂ ಆ ಒಂದು ಬಿಂದುವಿನಲ್ಲಿ ಹುಟ್ಟುವ ಶಾಖ ಹತ್ತಿರಹತ್ತಿರ 34 ವ್ಯಾಟ್. ರೇಡಿಯೊ ರಿಪೇರಿಯವರು ಬೆಸುಗೆಯ ಸೀಸ ಕರಗಿಸಲು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕು. ಇಷ್ಟಾದರೂ, ಮಿತಿಮೀರಿ ವಿದ್ಯುತ್ ಹರಿದಾಗ ತಾನಾಗಿ ಸಂಪರ್ಕ ಕಡಿಯುವ ಎಂಸಿಬಿ ಬೀಳುವುದಿಲ್ಲ, ಏಕೆಂದರೆ ಒಟ್ಟು ವಿದ್ಯುತ್ ಪ್ರವಾಹ ಹೆಚ್ಚಿಲ್ಲ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿತೇ ಎಂದು ನೋಡುವ ಆರ್‌ಸಿಸಿಬಿ, 30 ಮಿಲಿಆಂಪಿಯರಿನಷ್ಟು ಸೋರಿಕೆ ಕಂಡರೆ 0.3 ಸೆಕೆಂಡಿನೊಳಗೆ ಸಂಪರ್ಕ ಕಡಿದು ಜೀವ ಉಳಿಸುತ್ತದೆ. ಅದನ್ನು ಹಾಕಿಸದ ಮನೆಯವರು ಈ ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು. ಆದರೆ ಕಿಲುಬಿನ ಬಿಸಿಯನ್ನು ಅದೂ ಗುರುತಿಸಲಾರದು. ಗೀಸರು ಆರಿಸಿದೊಡನೆ ಪ್ಲಗ್ಗಿನ ಹೊರಮೈ ಸುಡುತ್ತಿದ್ದರೆ, ಸಾಕೆಟ್ಟಿನ ತೂತುಗಳ ಸುತ್ತ ಕಂದು ಬಣ್ಣ ಮೂಡಿದ್ದರೆ, ಪ್ಲಾಸ್ಟಿಕ್ ಕಮರಿದ ವಾಸನೆ ಬಂದರೆ, ಎಲೆಕ್ಟ್ರಿಷಿಯನ್ ಬರುವ ತನಕ ಅದನ್ನು ಬಳಸಕೂಡದು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿದಂತೆ ಮನೆಯೊಳಗೇ ನೀರು ನಿಂತಾಗ, ಒಣನೆಲದ ಮೇಲೆ ನಿಂತು ಮುಟ್ಟಲು ಆಗುವಂತಿದ್ದರೆ ಮಾತ್ರ ಮೇನ್ ಸ್ವಿಚ್ ಆರಿಸಬೇಕು. ಆಗದಿದ್ದರೆ ಹೊರಗೆ ಬಂದು ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ಬೀದಿಯ ಕಡೆಯಿಂದಲೇ ಸಂಪರ್ಕ ತೆಗೆಸಬೇಕು. ಆಗಲೂ ಇನ್ವರ್ಟರ್ ತನ್ನ ಬ್ಯಾಟರಿಯಿಂದ ಅದೇ ವೈರುಗಳಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬೋರ್ಡೇ ಹೊತ್ತಿಕೊಂಡರೆ ಅದಕ್ಕೆ ನೀರು ಎರಚುವಂತಿಲ್ಲ. ಸಂಪರ್ಕ ಕಡಿದು, ಉರಿ ಸಣ್ಣದಿರುವಾಗ ಒಣಪುಡಿಯ ಅಥವಾ ಇಂಗಾಲದ ಡೈಆಕ್ಸೈಡಿನ ಅಗ್ನಿಶಾಮಕವನ್ನು ಬಳಸಬಹುದು. ಹೊಗೆ ದಟ್ಟವಾದರೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಬಂದು 112ಕ್ಕೆ ತಿಳಿಸುವುದೇ ಸರಿ.

ಅನಂತರದ ಆತುರವೂ ಅಪಾಯಕಾರಿ. ನೀರಿನಲ್ಲಿ ಮುಳುಗಿದ ಎಂಸಿಬಿ, ಸ್ವಿಚ್ಚು, ಸಾಕೆಟ್ಟುಗಳನ್ನು ಬಿಸಿಲಿಗಿಟ್ಟು ಮತ್ತೆ ಹಾಕುವುದು ತಪ್ಪು, ಏಕೆಂದರೆ ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ, ಅವನ್ನು ಬದಲಿಸಲೇಬೇಕು. ವೈರುಗಳ ಸ್ಥಿತಿಯನ್ನು ತಿಳಿಯಲು ಎಲೆಕ್ಟ್ರಿಷಿಯನ್‌ಗಳ ಬಳಿ ಮೆಗ್ಗರ್ ಎಂಬ ಉಪಕರಣವಿರುತ್ತದೆ. ಅದು 500 ವೋಲ್ಟ್ ಹಾಯಿಸಿ ನೋಡಿದಾಗ ತೋರಿಸುವ, ವೈರಿನ ಹೊದಿಕೆಯ ತಡೆ 1 ಮೆಗಾಓಮ್‌ಗಿಂತ ಕಡಿಮೆಯಿದ್ದರೆ, ಗೋಡೆ ಹೊರಗಿನಿಂದ ಎಷ್ಟೇ ಒಣಗಿದಂತೆ ಕಂಡರೂ, ಆ ವೈರುಗಳಿಗೆ ವಿದ್ಯುತ್ ಕೊಡುವಂತಿಲ್ಲ.