ಪಿನ್ ಒಂದಾಯಿತು, ಕೇಬಲ್ ಇನ್ನೂ ಒಂದಾಗಿಲ್ಲ

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತಾರೆ. ಈಗ ಬರುವ ಇಂಥ ಟಾರ್ಚ್‌ಗಳಲ್ಲಿ ಟೈಪ್-ಸಿ ಪೋರ್ಟ್ ಸಾಮಾನ್ಯ. ಆದರೆ ಕಡಿಮೆ ಬೆಲೆಯ ಕೆಲವು ಟಾರ್ಚ್‌ಗಳನ್ನು ಹೊಸ ಫೋನಿನ ಚಾರ್ಜರಿಗೆ, ಎರಡೂ ತುದಿಯಲ್ಲಿ ಸಿ ಇರುವ ಕೇಬಲ್‌ನಲ್ಲಿ ಸಿಕ್ಕಿಸಿದರೆ ಚಾರ್ಜಿಂಗ್ ಲೈಟೇ ಹೊತ್ತಿಕೊಳ್ಳುವುದಿಲ್ಲ. ಅದನ್ನೇ ಹಳೆಯ ಅಗಲ ಪಿನ್ನಿನ ಚಾರ್ಜರಿಗೆ ಹಾಕಿ ನೋಡಿ, ಚಾರ್ಜ್ ಆಗುತ್ತದೆ. ಟಾರ್ಚ್ ಕೆಟ್ಟಿಲ್ಲ, ಚಾರ್ಜರೂ ಕೆಟ್ಟಿಲ್ಲ. ಪಿನ್ ಒಂದೇ ಆದರೂ ಒಳಗಿನ ವ್ಯವಸ್ಥೆ ಒಂದಾಗಿಲ್ಲ, ಅಷ್ಟೇ.

ಒಳಗೆ ನಡೆಯುವುದು ಇದು. 2014ರಲ್ಲಿ ಬಂದ ಟೈಪ್-ಸಿಯಲ್ಲಿ 24 ಪಿನ್‌ಗಳಿವೆ. ಅದರಲ್ಲಿ ಸಿಸಿ ಎಂಬ ಪಿನ್ನಿನ ಕೆಲಸ ಬರೀ ಮಾತುಕತೆ. ಸಿ ಪೋರ್ಟ್ ಇರುವ ಚಾರ್ಜರ್ ತಾನಾಗಿ ಕರೆಂಟ್ ಬಿಡುವುದಿಲ್ಲ. ಆ ಕಡೆಯ ಸಾಧನದಲ್ಲಿ ಸಿಸಿ ಪಿನ್ನಿಗೆ 5.1 ಕಿಲೋ ಓಮ್‌ನ ಒಂದು ರೆಸಿಸ್ಟರ್ (ಕರೆಂಟಿಗೆ ಅಡ್ಡಿ ಒಡ್ಡುವ ಪುಟ್ಟ ಬಿಡಿಭಾಗ) ಇದೆಯಾ ಎಂದು ಮೊದಲು ನೋಡುತ್ತದೆ, ಇದ್ದರೆ ಮಾತ್ರ 5 ವೋಲ್ಟ್ ಬಿಡುತ್ತದೆ. ಸಾಸಿವೆಗಿಂತ ಚಿಕ್ಕದಾದ ಆ ರೆಸಿಸ್ಟರನ್ನೂ ಹಾಕದೆ ಉಳಿಸುವ ತಯಾರಕರಿದ್ದಾರೆ. ಟಾರ್ಚ್, ಟ್ರಿಮ್ಮರ್, ಸಣ್ಣ ಸ್ಪೀಕರ್, ಎಲ್ಲದರಲ್ಲೂ ಇದೇ ಕಥೆ. ಹೊರಗಿನಿಂದ ನೋಡಿದರೆ ಟೈಪ್-ಸಿ, ಒಳಗೆ ಹಳೆಯ ಕಾಲದ ಸರ್ಕ್ಯೂಟ್. ಇದು ಕೊಳ್ಳುವವರಿಗೆ ಮಾಡುವ ಮೋಸ ಎಂದೇ ನನ್ನ ಅಭಿಪ್ರಾಯ.

ಕೇಳಿದ ಮೇಲೇ ಕರೆಂಟ್ ಕೊಡುವ ಈ ಕ್ರಮ ನಮ್ಮ ಊರಿನ ಮಳೆಗಾಲಕ್ಕೆ ಬಹಳ ಒಳ್ಳೆಯದು. ಹಳೆಯ ಅಗಲ ಪಿನ್ನಿನ ಚಾರ್ಜರಿನಲ್ಲಿ ಸ್ವಿಚ್ ಹಾಕಿಟ್ಟರೆ ಕೇಬಲಿನ ತುದಿಯಲ್ಲಿ 5 ವೋಲ್ಟ್ ಸದಾ ಇರುತ್ತದೆ. ಎರಡೂ ಕಡೆ ಸಿ ಇದ್ದರೆ, ಫೋನಿಗೆ ಸಿಕ್ಕಿಸುವ ತನಕ ಆ ತುದಿಯಲ್ಲಿ ಏನೂ ಇಲ್ಲ. ಆದರೆ ಒಂದು ತೊಂದರೆ ಉಂಟು. ಸಿಸಿ ಪಿನ್ನಿನ ಪಕ್ಕದಲ್ಲೇ ಕರೆಂಟಿನ ಪಿನ್ ಇದೆ. ಮಧ್ಯೆ ನೀರಿನ ಪಸೆ ಇದ್ದಾಗ ಚಾರ್ಜಿಗೆ ಹಾಕಿದರೆ ಅಲ್ಲಿ ವಿದ್ಯುತ್ ಹರಿದು ಲೋಹ ಸವೆಯುತ್ತದೆ, ಪಿನ್ ಕಪ್ಪಾಗುತ್ತದೆ. ಜೂನ್, ಜುಲೈಯಲ್ಲಿ ಫೋನ್ 'ಪೋರ್ಟ್ ಒದ್ದೆಯಾಗಿದೆ' ಎಂದು ತೋರಿಸಿದರೆ ದಯವಿಟ್ಟು ಒಣಗುವ ತನಕ ಕಾಯಿರಿ.

ಇಷ್ಟರ ಮಟ್ಟಿಗೆ ಬಂದದ್ದೇ ದೊಡ್ಡ ಸಾಧನೆ ಎಂಬುದನ್ನೂ ಹೇಳಬೇಕು. ಒಂದು ಕಾಲದಲ್ಲಿ ನೋಕಿಯಾಕ್ಕೆ ಸಣ್ಣ ಪಿನ್, ದಪ್ಪ ಪಿನ್ ಎಂದು ಎರಡು, ಉಳಿದ ಕಂಪನಿಗಳಿಗೆ ಅವರವರದ್ದೇ ಬೇರೆ. ಗಲ್ಫಿನಿಂದ ಬಂದವರು ತಂದ ಫೋನಿನ ಚಾರ್ಜರ್ ಹಾಳಾದರೆ ಉಪ್ಪಳ, ಕುಂಬಳೆಯ ಅಂಗಡಿಗಳಲ್ಲಿ ಅದೇ ಪಿನ್ ಹುಡುಕಿಕೊಂಡು ಅಲೆಯಬೇಕಿತ್ತು. 2009ರಲ್ಲಿ ಯುರೋಪಿನಲ್ಲಿ ಸುಮಾರು 30 ಬಗೆಯ ಚಾರ್ಜರ್‌ಗಳಿದ್ದವು. ಆ ವರ್ಷ ಅಲ್ಲಿನ ಯುರೋಪಿಯನ್ ಕಮಿಷನ್ ಫೋನ್ ಕಂಪನಿಗಳನ್ನು ಕೂರಿಸಿ ಮೈಕ್ರೋ ಯುಎಸ್‌ಬಿಗೆ ಒಪ್ಪಿಸಿತು. ಅದಕ್ಕೂ ಮೊದಲೇ, 2006ರಲ್ಲಿ, ಚೀನಾ ಚಾರ್ಜರಿನ ಕಡೆಯ ತುದಿ ಯುಎಸ್‌ಬಿ ಆಗಿರಬೇಕೆಂದು ಮಾನಕ ತಂದಿತ್ತು. ಚಾರ್ಜರ್ ಬೇರೆ, ಕೇಬಲ್ ಬೇರೆ ಎಂದು ನಾವು ಕೊಳ್ಳುವುದಕ್ಕೆ ಈ ಬಗೆಯ ನಿಯಮಗಳೇ ದಾರಿ ಮಾಡಿದ್ದು.

2009ರದ್ದು ಒಪ್ಪಂದ, ಕಾನೂನಲ್ಲ. ಆಪಲ್ ಸಹಿ ಹಾಕಿತು, ಆದರೆ ಅಡಾಪ್ಟರ್ ಕೊಟ್ಟರೂ ಸಾಕು ಎಂಬ ಅವಕಾಶ ಇದ್ದುದರಿಂದ 2012ರಲ್ಲಿ ತನ್ನದೇ ಲೈಟ್ನಿಂಗ್ ಪಿನ್ ತಂದಿತು. ಕೊನೆಗೆ 2022ರ ಅಕ್ಟೋಬರ್ 4ರಂದು ಯುರೋಪಿನ ಸಂಸತ್ತು 602 ಮತಗಳಿಂದ ಟೈಪ್-ಸಿಯನ್ನು ಕಡ್ಡಾಯ ಮಾಡಿತು, ವಿರೋಧಿಸಿದವರು 13 ಮಂದಿ ಮಾತ್ರ. ಫೋನ್, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್‌ಗಳಿಗೆ ಅದು 2024ರ ಡಿಸೆಂಬರ್ 28ರಿಂದ ಅನ್ವಯ, ಲ್ಯಾಪ್‌ಟಾಪ್‌ಗಳಿಗೆ ಗಡುವು 2026ರ ಏಪ್ರಿಲ್ 28. ಆಪಲ್ ಗಡುವಿನವರೆಗೂ ಕಾಯದೆ 2023ರ ಐಫೋನ್ 15ರಲ್ಲೇ ಬದಲಾಯಿಸಿತು. ಕಾನೂನು ಮಾಡಿದರೆ ಹೊಸ ಆವಿಷ್ಕಾರ ನಿಲ್ಲುತ್ತದೆ ಎಂದು ಆಪಲ್ ವಾದಿಸಿತ್ತು. ಅದರಲ್ಲಿ ಸ್ವಲ್ಪ ಹುರುಳಿದೆ. 2009ರಲ್ಲೇ ಮೈಕ್ರೋ ಪಿನ್ನನ್ನು ಕಾನೂನಾಗಿ ಗಟ್ಟಿ ಮಾಡಿದ್ದರೆ ಇವತ್ತಿಗೂ ಕತ್ತಲಲ್ಲಿ ಯಾವ ಬದಿ ಮೇಲೆ ಎಂದು ತಡಕಾಡುತ್ತಿದ್ದೆವೋ ಏನೋ. ಆದರೂ ಯುರೋಪಿನಲ್ಲಿ ಬಳಸದೆಯೋ, ಬಳಸಿ ಬಿಸಾಡಿಯೋ ವರ್ಷಕ್ಕೆ ಸುಮಾರು 11,000 ಟನ್ ಚಾರ್ಜರ್ ಕಸವಾಗುತ್ತದೆ ಎಂಬ ಕಮಿಷನ್ನಿನ ಅಂದಾಜು ನೋಡಿದರೆ ಕಾನೂನು ಬೇಕಿತ್ತು ಅಂತಲೇ ನನಗೆ ಅನಿಸುತ್ತದೆ.

ಈಗ ಕೇಬಲಿನ ವಿಷಯಕ್ಕೆ ಬರೋಣ, ಹೆಚ್ಚಿನ ತಕರಾರು ಇರುವುದು ಇಲ್ಲೇ. ಕೇಬಲಿನೊಳಗೆ ಕರೆಂಟ್ ಹೋಗಲು ಒಂದು ತಂತಿ, ಬರಲು ಒಂದು ತಂತಿ. ಅಗ್ಗದ ಕೇಬಲಿನಲ್ಲಿ ಅದು 28 ಗೇಜಿನ ತೆಳು ತಾಮ್ರ ಎಂದಿಟ್ಟುಕೊಳ್ಳಿ. ಒಂದು ಮೀಟರ್ ಉದ್ದದ ಕೇಬಲಿಗೆ ಹೋಗಿ ಬರುವ ದಾರಿಯ ರೋಧ ಸುಮಾರು 0.43 ಓಮ್. 2 ಆಂಪಿಯರ್ ಹರಿದರೆ 0.85 ವೋಲ್ಟ್ ದಾರಿಯಲ್ಲೇ ಹೋಯಿತು, 5 ವೋಲ್ಟ್ ಹೊರಟಲ್ಲಿ ಫೋನಿಗೆ ಸಿಗುವುದು 4.15. ಫೋನ್ ಅದನ್ನು ಗಮನಿಸಿ ತಾನೇ ಕಡಿಮೆ ಎಳೆದುಕೊಳ್ಳುತ್ತದೆ, ನಾವು ಸುಮ್ನೆ ಬ್ಯಾಟರಿ ಹೋಯಿತು ಅಂದುಕೊಳ್ಳುತ್ತೇವೆ. 24 ಗೇಜಿನ ತಂತಿಯಾದರೆ ನಷ್ಟ 0.34 ವೋಲ್ಟ್ ಮಾತ್ರ. ಕೆಲವು ಕೇಬಲ್‌ಗಳ ಮೈಮೇಲೆ ಈ ಗೇಜ್ ಸಂಖ್ಯೆ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಕಣ್ಣು ಕಿರಿದು ಮಾಡಿ ಓದಬೇಕು. ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ.

ವೇಗದ ಚಾರ್ಜಿಂಗಿನಲ್ಲಿ ಈ ನಷ್ಟವನ್ನು ಕಡಿಮೆ ಮಾಡಲು ವೋಲ್ಟೇಜ್ ಏರಿಸುತ್ತಾರೆ. ಮೈಲಾಟಿ ಸಬ್‌ಸ್ಟೇಷನ್ನಿಗೆ 220 ಕಿಲೋವೋಲ್ಟ್ ಲೈನಿನಲ್ಲಿ ಕರೆಂಟ್ ತರುವುದೂ ಇದೇ ಕಾರಣಕ್ಕೆ. 20 ವಾಟನ್ನು 5 ವೋಲ್ಟಲ್ಲಿ ಕಳಿಸಲು 4 ಆಂಪಿಯರ್ ಬೇಕು, 9 ವೋಲ್ಟಲ್ಲಿ 2.2 ಸಾಕು. ತಂತಿ ಬಿಸಿಯಾಗುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ, ಹಾಗಾಗಿ ನಷ್ಟ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಪವರ್ ಡೆಲಿವರಿ, ಅಂದರೆ ಪಿಡಿ, ಎಂಬ ಮಾನಕದಲ್ಲಿ ಚಾರ್ಜರ್ ತನ್ನ ಬಳಿ 5, 9, 15, 20 ವೋಲ್ಟ್‌ಗಳಲ್ಲಿ ಏನೇನಿದೆ ಎಂದು ಸಿಸಿ ತಂತಿಯಲ್ಲೇ ಹೇಳುತ್ತದೆ, ಫೋನ್ ಬೇಕಾದ್ದನ್ನು ಆರಿಸುತ್ತದೆ. 2021ರಿಂದ 48 ವೋಲ್ಟ್, 240 ವಾಟ್‌ವರೆಗೂ ಅವಕಾಶವಿದೆ. ಆದರೆ 3 ಆಂಪಿಯರ್ ದಾಟಬೇಕಾದರೆ ಕೇಬಲಿನ ತುದಿಯೊಳಗೆ ಇ-ಮಾರ್ಕರ್ ಎಂಬ ಚಿಪ್ ಇದ್ದು, ತಾನು 5 ಆಂಪಿಯರ್ ತಾಳುತ್ತೇನೆ ಎಂದು ಅದು ಹೇಳಬೇಕು. ಚಿಪ್ ಇಲ್ಲದ ಕೇಬಲ್ 60 ವಾಟಿಗೇ ನಿಲ್ಲುತ್ತದೆ. 100 ವಾಟಿನ ಚಾರ್ಜರ್ ಕೊಂಡು ಲ್ಯಾಪ್‌ಟಾಪ್ ನಿಧಾನ ಎನ್ನುವವರು ಮೊದಲು ಕೇಬಲ್ ನೋಡಬೇಕು.

ಕಂಪನಿಗಳ ಸ್ವಂತ ಪದ್ಧತಿಗಳೂ ಇವೆ. ಒಪ್ಪೋ 2014ರಲ್ಲಿ ತಂದ ವೂಕ್ ವೋಲ್ಟೇಜ್ ಏರಿಸದೆ 5 ವೋಲ್ಟಿನ ಆಸುಪಾಸಿನಲ್ಲೇ 4 ಆಂಪಿಯರಿಗಿಂತ ಜಾಸ್ತಿ ಕಳಿಸಿತು, ಅದಕ್ಕೆ ಅವರದೇ ದಪ್ಪ ಕೇಬಲ್ ಬೇಕಾಯಿತು. ತಂತ್ರಜ್ಞಾನ ಚೆನ್ನಾಗಿದೆ, ಆದರೆ ಮನೆಯಲ್ಲಿ ನಾಲ್ಕು ಕಂಪನಿಯ ಫೋನ್ ಇದ್ದಾಗ ಕಷ್ಟ, ಅಲ್ವಾ? 15 ವಾಟ್ ದಾಟುವ ಸಾಧನಗಳು ಪಿಡಿಯನ್ನೂ ಒಪ್ಪಬೇಕು, ಎಷ್ಟು ವಾಟ್ ಬೇಕೆಂದು ಡಬ್ಬಿಯ ಮೇಲೆ ಚಿತ್ರದಲ್ಲಿ ತೋರಿಸಬೇಕು ಎಂದು ಯುರೋಪಿನ ಕಾನೂನು ಹೇಳುತ್ತದೆ. ನನಗೆ ಪಿನ್ನಿನ ಆಕಾರಕ್ಕಿಂತ ಈ ಭಾಗವೇ ಮುಖ್ಯ ಅನಿಸುತ್ತದೆ.

ಕೆಟ್ಟ ಕೇಬಲ್ ಬರೀ ನಿಧಾನ ಅಲ್ಲ, ಅಪಾಯವೂ ಹೌದು. ಗೂಗಲ್‌ನ ಇಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಿಂದ ಆನ್‌ಲೈನಿನಲ್ಲಿ ಸಿಗುವ ಟೈಪ್-ಸಿ ಕೇಬಲ್‌ಗಳನ್ನು ಕೊಂಡು ಪರೀಕ್ಷಿಸತೊಡಗಿದರು. ಒಂದು ಕಡೆ ಹಳೆಯ ಅಗಲ ಪಿನ್ ಇರುವ ಕೇಬಲಿನಲ್ಲಿ, ಹೆಚ್ಚು ಕರೆಂಟ್ ಎಳೆಯಬೇಡ ಎಂದು ಫೋನಿಗೆ ತಿಳಿಸಲು, 56 ಕಿಲೋ ಓಮ್ ರೆಸಿಸ್ಟರ್ ಇರಬೇಕು. ಎಷ್ಟೋ ಕೇಬಲ್‌ಗಳಲ್ಲಿ 10 ಕಿಲೋ ಓಮ್ ಇತ್ತು. ಅದರಿಂದ ಫೋನ್ 3 ಆಂಪಿಯರ್ ಸಿಗುತ್ತದೆಂದು ನಂಬಿ ಹಳೆಯ ಚಾರ್ಜರಿನ ಶಕ್ತಿ ಮೀರಿ ಎಳೆಯಬಹುದು. 2016ರಲ್ಲಿ ಒಂದು ಕೇಬಲಿನಲ್ಲಿ ತಂತಿಗಳನ್ನೇ ಅದಲುಬದಲು ಜೋಡಿಸಿದ್ದರು, ಪರೀಕ್ಷಿಸುತ್ತಿದ್ದ ಲ್ಯೂಂಗ್ ಅವರ ಲ್ಯಾಪ್‌ಟಾಪ್ ಅಲ್ಲೇ ಹಾಳಾಯಿತು.

ಭಾರತದಲ್ಲಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಟೈಪ್-ಸಿಗೆ ಮಾನಕ ಹೊರಡಿಸಿದೆ. ಇನ್ನು ಆಗಬೇಕಾದದ್ದು ಪ್ರತಿ ಕೇಬಲಿನ ತುದಿಯಲ್ಲೂ 60 ವಾಟೋ 240 ವಾಟೋ ಎಂದು ಅಚ್ಚು ಹಾಕುವುದು. ಯುಎಸ್‌ಬಿ ಸಂಸ್ಥೆ ತನ್ನ ಪ್ರಮಾಣಪತ್ರ ಪಡೆದ ಕೇಬಲ್‌ಗಳಿಗೆ 2021ರಲ್ಲೇ ಈ ಗುರುತು ತಂದಿದೆ, ಆದರೆ ಬಸ್ ಸ್ಟ್ಯಾಂಡ್ ಬಳಿ ಗೊಂಚಲು ಕಟ್ಟಿ ತೂಗುಹಾಕಿದ ಕೇಬಲ್‌ಗಳಲ್ಲಿ ಅದನ್ನು ಹುಡುಕಿದರೂ ಸಿಗುವುದು ಕಷ್ಟ. ಸದ್ಯಕ್ಕೆ ಅಂಗಡಿಯಲ್ಲಿ 'ಸಿ ಪಿನ್ ಕೊಡಿ' ಎಂದು ಮಾತ್ರ ಹೇಳದೆ ಎಷ್ಟು ವಾಟಿನದ್ದು ಎಂದೂ ಕೇಳಿ, ಗುರುತು ಇದ್ದರೆ ತೋರಿಸಲು ಹೇಳಿ. ಚಾರ್ಜರ್ ಕೊಳ್ಳುವಾಗ ಅದರ ಮೇಲಿನ ಬಿಐಎಸ್ ಗುರುತಿನ ಜೊತೆಗಿರುವ ಆರ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ನಿಂತು ಪರೀಕ್ಷಿಸಬಹುದು.