ಸುಂಕದ ದರ ಗೊತ್ತು, ಆದರೆ ಯಾವ ಬೆಲೆಯ ಮೇಲೆ?

ವಿದೇಶದಿಂದ ತರಿಸಿದ ವಸ್ತುವಿಗೆ ಸುಂಕ ಶೇ. 10, ತೆರಿಗೆ ಶೇ. 20 ಎಂದು ಓದಿದವರು ಮನಸ್ಸಿನಲ್ಲೇ ಎರಡನ್ನೂ ಕೂಡಿ 30 ಎಂದು ಹಾಕಿಕೊಳ್ಳುತ್ತಾರೆ. ಬಿಲ್ ಬಂದಾಗ ಮೊತ್ತ ಜಾಸ್ತಿ ಇರುತ್ತದೆ. ವಸ್ತುವಿನ ಬೆಲೆ 100, ಸಾಗಣೆ ಮತ್ತು ವಿಮೆ 20 ಎಂದುಕೊಳ್ಳಿ. ಬಹಳಷ್ಟು ದೇಶಗಳಲ್ಲಿ ಸುಂಕ ಬೀಳುವುದು 120ರ ಮೇಲೆ, ಅಂದರೆ 12. ತೆರಿಗೆ ಬೀಳುವುದು ಆ ಸುಂಕವೂ ಸೇರಿದ 132ರ ಮೇಲೆ. ಅದು 26.40. ಒಟ್ಟು 38.40. ಸುಂಕದ ಮೇಲೂ ತೆರಿಗೆ ಅಂದ್ರೆ ಅನ್ಯಾಯ ಅಲ್ವಾ ಅನ್ನಿಸಬಹುದು. ಆದರೆ ಹಿಂದಿನ ಜಗಳಗಳ ಮುಂದೆ ಇದು ಏನೂ ಅಲ್ಲ. ಆ ಜಗಳಗಳೆಲ್ಲ ದರಕ್ಕಿಂತ ಹೆಚ್ಚಾಗಿ ಬೆಲೆಯ ಸುತ್ತ ನಡೆದವು.

ಪ್ರಾಚೀನ ಅಥೆನ್ಸ್‌ನ ಪಿರೇಯಸ್ ಬಂದರಿನಲ್ಲಿ ಸರಕಿನ ಬೆಲೆಯ ಶೇ. 2ರಷ್ಟು ಕಟ್ಟಬೇಕಿತ್ತು. ಲೆಕ್ಕವೇನೋ ಸುಲಭ. ಆದರೆ ಬೆಲೆ ಆಧರಿಸಿದ ಸುಂಕದಲ್ಲಿ ಒಂದು ತೊಡಕಿದೆ: ವ್ಯಾಪಾರಿ ಬೆಲೆ ಕಮ್ಮಿ ಹೇಳಿದಷ್ಟೂ ಅವನಿಗೇ ಲಾಭ. ಇದಕ್ಕೆ ಯುರೋಪಿನ ಕಸ್ಟಮ್ಸ್‌ನವರು ಹೂಡಿದ ಉಪಾಯ ಮಜವಾಗಿದೆ. ಬರೆದ ಬೆಲೆ ತೀರಾ ಕಮ್ಮಿ ಅನ್ನಿಸಿದರೆ, ಅದಕ್ಕೆ ಸ್ವಲ್ಪ ಸೇರಿಸಿ ಕೊಟ್ಟು ಸರಕನ್ನು ತಾವೇ ಕೊಂಡುಬಿಡುತ್ತಿದ್ದರು!

ಸರ್ಕಾರಗಳೂ ಕಮ್ಮಿ ಇರಲಿಲ್ಲ. 1922ರಲ್ಲಿ ಅಮೆರಿಕ ತನ್ನ ಬಣ್ಣದ ಕಾರ್ಖಾನೆಗಳನ್ನು ಕಾಪಾಡಲು ಹೊಸ ನಿಯಮ ತಂದಿತು. ಕಲ್ಲಿದ್ದಲ ಡಾಂಬರಿನಿಂದ ಮಾಡಿದ ಬಣ್ಣ ಹೊರಗಿನಿಂದ ಬಂದರೆ, ಸುಂಕ ಅದರ ಬೆಲೆಯ ಮೇಲಲ್ಲ. ಅದಕ್ಕೆ ಪೈಪೋಟಿ ಕೊಡುವ ಅಮೆರಿಕದ ಬಣ್ಣದ ಬೆಲೆಯ ಮೇಲೆ. ಹೊರಗಿನದು 40, ಅಲ್ಲಿನದು 100 ಇದ್ದು ದರ ಶೇ. 40 ಆದರೆ, ಸುಂಕವೇ 40. ಕಾಗದದಲ್ಲಿ ಶೇ. 40, ಕಟ್ಟುವುದು ಮಾತ್ರ ಶೇ. 100!

ದೇಶ ದೇಶಗಳ ನಡುವಿನ ವ್ಯಾಪಾರ, ಸುಂಕಗಳ ಕುರಿತ 1947ರ ಗ್ಯಾಟ್ ಒಪ್ಪಂದ ಇಂಥ ಕಾಲ್ಪನಿಕ ಬೆಲೆ ಬೇಡ ಎಂದಿತು. ಆದರೂ ಅಮೆರಿಕದ ಹಳೇ ಕಾನೂನು ಉಳಿದುಕೊಂಡಿತು. 1950ರ ಬ್ರಸೆಲ್ಸ್ ಒಪ್ಪಂದ 'ಮುಕ್ತ ಮಾರುಕಟ್ಟೆಯಲ್ಲಿ ಸಿಗಬಹುದಾದ ಬೆಲೆ'ಯನ್ನು ಅಳತೆಯಾಗಿಸಿತು. ಸಿಗಬಹುದಾದ ಬೆಲೆ ಅಂದರೆ ಅಧಿಕಾರಿಯ ಅಂದಾಜಿಗೂ ಜಾಗ ಇದ್ದೇ ಇರುತ್ತದೆ. ಕೊನೆಗೆ 1979ರಲ್ಲಿ, ಗ್ಯಾಟ್ ದೇಶಗಳ ಟೋಕಿಯೊ ಸುತ್ತಿನ ಮಾತುಕತೆಯಲ್ಲಿ, ಕೊಂಡವನು ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆಯೇ ಆಧಾರ ಎಂದಾಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಅದರ ಎಲ್ಲ ಸದಸ್ಯ ದೇಶಗಳಿಗೂ ಇದೇ ನಿಯಮ ಅಂಟಿತು. ಸಾಗಣೆ, ವಿಮೆ ಸೇರಿಸಬೇಕೋ ಬೇಡವೋ ಎಂಬುದನ್ನು ಮಾತ್ರ ಆಯಾ ದೇಶಕ್ಕೇ ಬಿಟ್ಟರು. ಅಮೆರಿಕ, ಆಸ್ಟ್ರೇಲಿಯಾ ಸೇರಿಸುವುದಿಲ್ಲ. ಯುರೋಪ್ ಸೇರಿಸುತ್ತದೆ.

ಇನ್ನು ದರ ಹುಡುಕಲು ಬೇಕಾದ ಎಚ್‌ಎಸ್ ಕೋಡ್, ಅಂದರೆ ಪ್ರತಿ ಬಗೆಯ ಸರಕಿಗೂ ಕೊಟ್ಟಿರುವ ಸಂಖ್ಯೆ, ಜಾರಿಗೆ ಬಂದದ್ದು 1988ರಲ್ಲಿ. ಮೊದಲ ಆರು ಅಂಕಿ ಅದನ್ನು ಬಳಸುವ ಎಲ್ಲ ದೇಶಗಳಲ್ಲೂ ಒಂದೇ.

ಈಗಿನ ಜಗಳ ಸಣ್ಣ ಪಾರ್ಸೆಲ್‌ಗಳದ್ದು. ವಸೂಲಿ ಖರ್ಚೇ ಸುಂಕಕ್ಕಿಂತ ಜಾಸ್ತಿ ಎಂದು ಅವನ್ನು ಸುಮ್ನೆ ಬಿಡುತ್ತಿದ್ದರು. ಆನ್‌ಲೈನ್ ಖರೀದಿ ಹೆಚ್ಚಿದ ಮೇಲೆ ಆ ವಿನಾಯಿತಿ ಕರಗುತ್ತಾ ಬಂತು. ಆಸ್ಟ್ರೇಲಿಯಾ 2018ರ ಜುಲೈನಿಂದ ಸಣ್ಣ ಖರೀದಿಗೂ ಜಿಎಸ್‌ಟಿ ಹಾಕಿತು. ಯುರೋಪ್ ಒಕ್ಕೂಟ 2021ರ ಜುಲೈನಲ್ಲಿ 22 ಯೂರೊವರೆಗಿನ ವ್ಯಾಟ್ ವಿನಾಯಿತಿ ತೆಗೆಯಿತು. ಅಮೆರಿಕ 800 ಡಾಲರ್‌ವರೆಗಿನ ವಿನಾಯಿತಿಯನ್ನು 2025ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಹೀಗಾಗಿ ಎಷ್ಟೋ ಕಡೆ ಈಗ ಮಾರುವವರೇ ತೆರಿಗೆ ಹಿಡಿದುಕೊಳ್ಳುತ್ತಾರೆ. ಹಾಗೆ ಹಿಡಿಯದಿದ್ದರೆ ಕೊರಿಯರ್‌ನವರು ಮೊದಲು ತಾವು ಕಟ್ಟಿ, ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತಾರೆ. ಜೊತೆಗೆ ಕೇಳುವ ಹ್ಯಾಂಡ್ಲಿಂಗ್ ಚಾರ್ಜ್ ಸುಂಕವೂ ಅಲ್ಲ, ತೆರಿಗೆಯೂ ಅಲ್ಲ. ಅದು ಅವರದೇ ಕೂಲಿ.